ಲಿಂಗಸುಗೂರಿನ ಹಣೆಬರಹ ಬರೆದ ಮನೆ: ಕೋಠಿ ರೆಸಿಡೆನ್ಸಿಯ ಜೀರ್ಣೋದ್ಧಾರ

ಕನ್ನಡ ನಾಡಿನ ದಾನಶಾಸನಗಳಲ್ಲಿ, ದತ್ತಿ ಬಸದಿಗೆ ಸಂದದ್ದಾಗಲಿ ದೇಗುಲಕ್ಕೆ ಸಂದದ್ದಾಗಲಿ, ಅದರ ಉದ್ದೇಶಗಳನ್ನು ಎಣಿಸಿ ಹೇಳುವ ಒಂದು ಭಾಗವಿರುತ್ತದೆ. ದೇವರ ಅರ್ಚನೆಗೆ, ಋಷಿಯರ ಆಹಾರದಾನಕ್ಕೆ ಎಂದು ಹೇಳಿದ ಬಳಿಕ ಅಲ್ಲಿ ಮತ್ತೆ ಮತ್ತೆ ಎದುರಾಗುವ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು. ಕಟ್ಟಡ ಒಂದು ದಿನ ಬಿರಿಯುತ್ತದೆ, ಮುರಿಯುತ್ತದೆ ಎಂಬುದನ್ನು ಮೊದಲೇ ಬಲ್ಲ ದಾನಿಯು ಆ ದಿನಕ್ಕೆಂದೇ ಮತ್ತರು ಲೆಕ್ಕದ ಭೂಮಿಯನ್ನು ತೆಗೆದಿರಿಸುತ್ತಿದ್ದನು. ಹೊಯ್ಸಳರ ದಂಡನಾಯಕ ಗಂಗರಾಜನ ಕೀರ್ತಿಯಲ್ಲಿ ಹೆಚ್ಚಿನ ಪಾಲು ಅವನು ಹೊಸದಾಗಿ ಕಟ್ಟಿಸಿದ ಬಸದಿಗಳದ್ದಲ್ಲ, ಗಂಗವಾಡಿಯ ಹಳೆಯ ಬಸದಿಗಳನ್ನು ಮತ್ತೆ ನಿಲ್ಲಿಸಿದ್ದರದು. ಹುಳ್ಳಚಮೂಪನು ಬಂಕಾಪುರದಲ್ಲಿ ಮಾಡಿಸಿದ ಕೆಲಸವೂ ಇದೇ ಬಗೆಯದು.

ಇಂದು ಜೀರ್ಣೋದ್ಧಾರವೆಂಬ ಪದವಂತೂ ಉಳಿದಿದೆ, ಅರ್ಥ ಮಾತ್ರ ತಲೆಕೆಳಗಾಗಿದೆ. ಹಳೆಯದನ್ನು ಕೆಡವಿ ಅದರ ಜಾಗದಲ್ಲಿ ಸಿಮೆಂಟಿನ ಶಿಖರವನ್ನೆತ್ತಿ, ಗ್ರಾನೈಟ್ ಹಾಸಿ, ಕಂಬಗಳಿಗೆ ಎಣ್ಣೆಬಣ್ಣ ಬಳಿದು, ದಾನಿಗಳ ಹೆಸರಿನ ಫಲಕ ಹಾಕುವುದಕ್ಕೆ ಆ ಪದ ಸಲ್ಲುತ್ತಿದೆ. ದೇವಾಲಯದ ಪಾಡೇ ಹೀಗಿರುವಾಗ ಹಳೆಯ ಶಾಲೆ, ಕಾಲೇಜು, ಕಚೇರಿಗಳ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಅವುಗಳಿಗೆ ಭಕ್ತರೂ ಇಲ್ಲ, ದತ್ತಿಯೂ ಇಲ್ಲ.

ಈ ಹಿನ್ನೆಲೆಯಲ್ಲಿ ಹೈದರಾಬಾದಿನ ಕೋಠಿಯಲ್ಲಿರುವ ಹಳೆಯ ಬ್ರಿಟಿಷ್ ರೆಸಿಡೆನ್ಸಿಯ ಪುನರುಜ್ಜೀವನ ಗಮನಿಸತಕ್ಕದ್ದು. 1949ರಲ್ಲಿ ಅದು ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮಹಿಳಾ ಕಾಲೇಜಿನ ಆವರಣವಾಯಿತು. ತೆಲಂಗಾಣದ ರಾಜಧಾನಿಯ ನಡುವಿರುವ ಈ ಸೌಧಕ್ಕೂ ಎಡೆದೊರೆ ನಾಡಿನ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೂ ಏನು ನಂಟು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಂಟು ಬಲವಾದದ್ದು, ಮತ್ತು ಹೆಚ್ಚಿನಂಶ ಕಹಿಯಾದದ್ದು.

ಸೌಧವನ್ನು ಕಟ್ಟಿಸಿದವನು ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್. ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಿಂದ 1805ರವರೆಗೆ ಅವನು ನಿಜಾಮನ ದರಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿದ್ದನು. ಅವನ ಹೆಸರು ಇಂದು ಲೋಕಕ್ಕೆ ಪರಿಚಿತವಾಗಿರುವುದು ಖೈರುನ್ನೀಸಾ ಬೇಗಮಳೊಡನೆ ನಡೆದ ಅವನ ವಿವಾಹದಿಂದ. ವಿಲಿಯಂ ಡಾಲ್‌ರಿಂಪಲ್ 2002ರಲ್ಲಿ ಪ್ರಕಟಿಸಿದ ‘ವೈಟ್ ಮೊಘಲ್ಸ್’ ಗ್ರಂಥ ಆ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಕನ್ನಡಿಗರು ಅವನನ್ನು ನೆನೆಯಬೇಕಾದದ್ದು ಬೇರೊಂದು ಕಾರಣಕ್ಕೆ. 1800ರಲ್ಲಿ ನಿಜಾಮನೊಡನೆ ಕಂಪನಿ ಮಾಡಿಕೊಂಡ ಒಪ್ಪಂದವನ್ನು ಕುದುರಿಸಿದವನು ಇವನೇ. ಸಹಾಯಕ ಸೈನ್ಯದ ವೆಚ್ಚಕ್ಕಾಗಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟದ್ದು ಆ ಒಪ್ಪಂದದಲ್ಲಿ. ಅಲ್ಲಿಗೆ ತುಂಗಭದ್ರೆಯ ತೆಂಕಣ ದಂಡೆ ಕಂಪನಿಯದಾಯಿತು, ಬಡಗಣ ದಂಡೆ ನಿಜಾಮನದಾಗಿ ಉಳಿಯಿತು. ಸಿರುಗುಪ್ಪದ ಕಡೆಯವರಿಗೂ ಸಿಂಧನೂರಿನ ಕಡೆಯವರಿಗೂ ನಡುವೆ ಹರಿಯುತ್ತಿದ್ದ ಹೊಳೆ ಅಂದಿನಿಂದ ಎರಡು ಸರಕಾರಗಳ ಗಡಿ. ಒಂದು ದಡದಲ್ಲಿ ಮದರಾಸಿನ ಕಾನೂನು, ಇನ್ನೊಂದರಲ್ಲಿ ಹೈದರಾಬಾದಿನ ಫರ್ಮಾನು. ಬೀಗತನ ಬೆಳೆಸಿದ ಮನೆಗಳು ಎರಡು ರಾಜ್ಯಗಳಿಗೆ ಸೇರಿಹೋದವು. ಬಳ್ಳಾರಿ ಮೈಸೂರನ್ನು ಸೇರಿದ್ದು 1953ರಲ್ಲಿ, ಸಿಂಧನೂರು ಸೇರಿದ್ದು 1956ರಲ್ಲಿ. ಕೊನೆಯ ಮೂರು ವರ್ಷಗಳಲ್ಲಿಯೂ ಹೊಳೆ ಗಡಿಯಾಗಿಯೇ ಇತ್ತು.

ಈ ಒಪ್ಪಂದದ ಗೆಲುವಿನ ಬೆನ್ನಿಗೇ, 1803ರ ಸುಮಾರಿನಲ್ಲಿ, ಮೂಸಿ ನದಿಯ ಉತ್ತರದ ದಂಡೆಯಲ್ಲಿ ರೆಸಿಡೆನ್ಸಿಯ ಕಟ್ಟಡ ಮೊದಲಾಯಿತು. ನಕ್ಷೆ ಮದರಾಸು ಎಂಜಿನಿಯರರ ಪಡೆಯ ಸ್ಯಾಮ್ಯುಯೆಲ್ ರಸೆಲ್‌ನದು, ಹಣ ನಿಜಾಮನದು. ಜಾಗ ಪಡೆದ ಬಗೆಯ ಬಗ್ಗೆ ಕಥೆಯೊಂದಿದೆ. ಕಿರ್ಕ್‌ಪ್ಯಾಟ್ರಿಕ್ ಮೊದಲು ಬಹಳ ದೊಡ್ಡ ಹಾಳೆಯ ಮೇಲೆ ಜಾಗದ ನಕ್ಷೆ ಬರೆಸಿ ಒಪ್ಪಿಸಿದನಂತೆ, ನಿಜಾಮನು ಬೇಡವೆಂದನಂತೆ. ಅದೇ ನಕ್ಷೆಯನ್ನು ಅಂಗೈಯಗಲದ ಚೀಟಿಯಲ್ಲಿ ಬರೆಸಿಕೊಟ್ಟಾಗ ಕೂಡಲೇ ಒಪ್ಪಿದನಂತೆ. ಕಥೆ ನಿಜವಿರಲಿ ಸುಳ್ಳಿರಲಿ, ಕಂಪನಿ ಈ ದೇಶವನ್ನು ಹೇಗೆ ಪಡೆದುಕೊಂಡಿತೆಂಬುದರ ಬಗ್ಗೆ ದಖ್ಖನಿ ಜನರ ತಿಳಿವಳಿಕೆಯನ್ನು ಅದು ಚೆನ್ನಾಗಿಯೇ ಹೇಳುತ್ತದೆ.

ಉತ್ತರಕ್ಕೆ ಮುಖ ಮಾಡಿದ ಮುಂಭಾಗದಲ್ಲಿ ಆರು ಭಾರಿ ಕೊರಿಂಥಿಯನ್ ಕಂಬಗಳು, ಅವುಗಳ ಮೇಲೆ ಬ್ರಿಟಿಷ್ ಲಾಂಛನವುಳ್ಳ ತ್ರಿಕೋನದ ಮುಖ, ಕೆಳಗೆ ಅಗಲವಾದ ಮೆಟ್ಟಿಲ ಸಾಲು, ಮೆಟ್ಟಿಲಿನ ಎರಡು ಬದಿಗೆ ಎರಡು ಸಿಂಹಗಳು. ಒಳಗೆ ಎರಡಂತಸ್ತಿನೆತ್ತರದ ದರಬಾರ್ ಹಾಲು, ಇಬ್ಬದಿಗೆ ಕವಲೊಡೆದು ಏರುವ ಮಹಾ ಸೋಪಾನ, ಅಂಡಾಕಾರದ ಕೋಣೆಗಳು. ಹಿಂಬದಿಯ ಆವರಣದಲ್ಲಿ ಬೇಗಮಳಿಗಾಗಿ ಕಟ್ಟಿಸಿದ ಜನಾನಾ, ಅದರ ತೋಟದಲ್ಲಿ ಸೌಧದ್ದೇ ಒಂದು ಕಿರು ಪ್ರತಿಕೃತಿ. ಗೋಷೆಯಲ್ಲಿದ್ದ ಹೆಣ್ಣುಮಗಳು ಸೌಧದ ಮುಂಭಾಗವನ್ನು ನೋಡಲಾರಳೆಂದು ಆ ಪ್ರತಿಕೃತಿಯನ್ನು ಮಾಡಿಸಿದನೆಂದು ಹೇಳಿಕೆ. ಮನೆ ಪೂರ್ತಿಯಾಗುವ ಹೊತ್ತಿಗೆ ಕಿರ್ಕ್‌ಪ್ಯಾಟ್ರಿಕ್ ಇರಲಿಲ್ಲ. 1805ರ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡನು. ಇಬ್ಬರು ಮಕ್ಕಳು ಅದೇ ವರ್ಷ ಇಂಗ್ಲೆಂಡಿಗೆ ಹೋದವರು ತಾಯಿಯ ಮುಖವನ್ನು ಮತ್ತೆ ಕಾಣಲಿಲ್ಲ.

ಲಿಂಗಸುಗೂರಿನ ಪಾಲಿಗೆ ಈ ಮನೆಯ ಕಥೆ ತೊಡಗುವುದು ಅರ್ಧ ಶತಮಾನದ ಅನಂತರ. ನಿಜಾಮನ ಹೆಸರಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ, ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯವೊಂದು ಬೆಳೆದಿತ್ತು. ಅದರ ದಂಡಿನ ಠಾಣೆಗಳಲ್ಲಿ ಲಿಂಗಸುಗೂರೂ ಒಂದು. ಸೈನ್ಯದ ಸಂಬಳ ಬಾಕಿ ಬೀಳುತ್ತ ಬಂದು ಸಾಲವಾಗಿ, ಸಾಲ ಬೆಟ್ಟವಾಗಿ, ಡಾಲ್‌ಹೌಸಿಯ ಕಾಲಕ್ಕೆ ಅದನ್ನು ಭೂಮಿಯ ರೂಪದಲ್ಲಿ ತೀರಿಸಿಕೊಳ್ಳುವ ಹೊತ್ತು ಬಂತು. 1853ರ ಮೇ 21ರಂದು ರೆಸಿಡೆಂಟ್ ಕರ್ನಲ್ ಜಾನ್ ಲೋ ಕುದುರಿಸಿದ ಒಪ್ಪಂದದಲ್ಲಿ ವರ್ಹಾಡ, ನಳದುರ್ಗ ಮತ್ತು ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಬ್ರಿಟಿಷರ ಆಡಳಿತಕ್ಕೆ ಸಂದವು. ಬಹಮನಿಗಳೂ ವಿಜಯನಗರದ ಅರಸರೂ ಎರಡು ಶತಮಾನ ಮುದಗಲ್ಲು, ರಾಯಚೂರುಗಳ ಮುಂದೆ ರಕ್ತ ಹರಿಸಿದ ನೆಲ ಅದು. ಈ ಬಾರಿ ಅದು ಕಾಗದದ ಮೇಲೆ ಕೈ ಬದಲಾಯಿಸಿತು, ಒಂದು ಗುಂಡೂ ಹಾರಲಿಲ್ಲ. ಸುರಪುರದಲ್ಲಿ ಬಹುಕಾಲ ಇದ್ದ ಮೆಡೋಸ್ ಟೇಲರನು ಹೊಸ ಸೀಮೆಗಳಲ್ಲೊಂದಾದ ನಳದುರ್ಗಕ್ಕೆ ಹೋದದ್ದೂ ಈ ಏರ್ಪಾಟಿನಂತೆಯೇ.

ಗುಂಡು ಹಾರಿದ್ದು ನಾಲ್ಕು ವರ್ಷಗಳ ಬಳಿಕ. 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲವಿ ಅಲ್ಲಾಉದ್ದೀನರ ಮುಂದಾಳ್ತನದಲ್ಲಿ ರೋಹಿಲ್ಲರು ಮೊದಲಾದ ನೂರಾರು ಜನ ರೆಸಿಡೆನ್ಸಿಯ ಮೇಲೆ ಏರಿಹೋದರು. ಒಳಗಿನ ಫಿರಂಗಿಗಳ ಎದುರು ದಾಳಿ ನಿಲ್ಲಲಿಲ್ಲ. ಮುಂದಿನ ವರ್ಷ ಫೆಬ್ರವರಿಯಲ್ಲಿ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕನ ಬೇಡರ ಪಡೆ ಎದ್ದಿತು. ಅವನ ಮೇಲೆ ಹೋದ ಸೈನ್ಯ ಲಿಂಗಸುಗೂರಿನ ದಂಡಿನಿಂದ ಹೊರಟದ್ದು. ಕ್ಯಾಪ್ಟನ್ ನ್ಯೂಬೆರಿ ಆ ಕಾಳಗದಲ್ಲಿ ಸತ್ತನು. ಹೈದರಾಬಾದಿಗೆ ಹೋದ ಯುವಕ ಅರಸನನ್ನು ಸಾಲಾರ್ ಜಂಗನು ರೆಸಿಡೆಂಟ್ ಡೇವಿಡ್‌ಸನ್ನನ ವಶಕ್ಕೆ ಒಪ್ಪಿಸಿದನು. ಮರಣದಂಡನೆ ನಾಲ್ಕು ವರ್ಷದ ಸೆರೆಗೆ ಇಳಿದರೂ, ಸೆರೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಅವನು ಅಸುನೀಗಿದನು. 1860ರ ಒಪ್ಪಂದದಲ್ಲಿ ನಿಜಾಮನ ನಿಷ್ಠೆಗೆ ಮೆಚ್ಚಿ ಬ್ರಿಟಿಷರು ರಾಯಚೂರು ದೋಆಬನ್ನು ಹಿಂತಿರುಗಿಸಿದರು, ಸುರಪುರವನ್ನೂ ಅದರ ಜೊತೆಗೆ ಕೊಟ್ಟರು. ಏಳು ವರ್ಷದ ಹಿಂದೆ ಒತ್ತೆಯಿಟ್ಟ ಆಭರಣವನ್ನು ಬಿಡಿಸಿಕೊಟ್ಟಂತೆ. ಒಡವೆಯನ್ನು ಯಾರೂ ಏನೂ ಕೇಳಲಿಲ್ಲ.

ಮುಂದೆ ನಿಜಾಮನ ಆಡಳಿತದಲ್ಲಿ ಲಿಂಗಸುಗೂರು ಒಂದು ಜಿಲ್ಲೆಯೇ ಆಯಿತು. ಸಿಂಧನೂರು ಅದರ ತಾಲೂಕುಗಳಲ್ಲೊಂದು. 1905ರ ಪುನರ್ವಿಂಗಡಣೆಯಲ್ಲಿ ಆ ಜಿಲ್ಲೆ ಅಳಿಯಿತು. ಲಿಂಗಸುಗೂರು ತಾಲೂಕಿನ ಊರಾಗಿದ್ದ ಮಸ್ಕಿ ತಾನೇ ತಾಲೂಕು ಕೇಂದ್ರವಾದದ್ದು ತೀರ ಇತ್ತೀಚೆಗೆ.

ಮಸ್ಕಿಯ ನಂಟು ಮಾತ್ರ ಬೇರೆಯೇ ದಾರಿಯದು, ಕಹಿಯಿಲ್ಲದ್ದು. 1914ರಲ್ಲಿ ಹೈದರಾಬಾದ್ ಸಂಸ್ಥಾನ ತನ್ನದೇ ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿ ಗುಲಾಂ ಯಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಮರುವರ್ಷ, 1915ರ ಜನವರಿಯಲ್ಲಿ, ಚಿನ್ನದ ಹಳೆಯ ಗಣಿಗಳನ್ನು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರನು ಮಸ್ಕಿಯ ಬೆಟ್ಟದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದಾಗ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಅಲ್ಲಿತ್ತು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ಬಿರುದುಗಳೇ ಇದ್ದು, ಅವು ಅಶೋಕನವೆಂಬುದು ವಿದ್ವಾಂಸರ ಊಹೆಯಾಗಿತ್ತು. ಊಹೆಗೆ ಸಾಕ್ಷಿ ದೊರೆತದ್ದು ಮಸ್ಕಿಯ ಬಂಡೆಯಲ್ಲಿ. ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟವಾದದ್ದು ಇದೇ ಶಾಸನ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕ ಶಾಸನಗಳೂ ಕೊಪಣತೀರ್ಥದ ಕನ್ನಡ ಶಾಸನಗಳೂ ಮುಂದೆ ಅದೇ ಮಾಲೆಯಲ್ಲಿ ಬೆಳಕು ಕಂಡವು. ಪಿ. ಬಿ. ದೇಸಾಯಿಯವರು ಹೈದರಾಬಾದ್ ಸೀಮೆಯ ಕನ್ನಡ ಜಿಲ್ಲೆಗಳಲ್ಲಿ ನಡೆಸಿದ ಶಾಸನಶೋಧ ಇಲ್ಲದಿದ್ದರೆ ಈ ಭಾಗದ ಜೈನ ಇತಿಹಾಸದ ಬಹುಭಾಗ ಕತ್ತಲಲ್ಲಿಯೇ ಉಳಿಯುತ್ತಿತ್ತು.

ಈ ಇಲಾಖೆಯ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅಜಂತೆಯ ವರ್ಣಚಿತ್ರಗಳು ಉದುರುತ್ತಿದ್ದಾಗ ಯಜ್ದಾನಿಯವರ ಕಾಲದ ಸರಕಾರ ಅವುಗಳ ಮೇಲೆ ಹೊಸ ಬಣ್ಣ ಬಳಿಸಲು ಹೋಗಲಿಲ್ಲ. 1920ರ ಸುಮಾರಿಗೆ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿ, ಏಳುತ್ತಿದ್ದ ಗಾರೆಯನ್ನು ಮತ್ತೆ ಗೋಡೆಗೆ ಅಂಟಿಸುವ ಕೆಲಸ ಮಾಡಿಸಿತು. ಅವರು ಬಳಿದ ಅರಗಿನ ಲೇಪ ಕಾಲಕ್ರಮದಲ್ಲಿ ಹಳದಿಗಟ್ಟಿ ಮುಂದಿನವರಿಗೆ ತಲೆನೋವಾಯಿತು ಎಂಬುದೂ ನಿಜ. ಇದ್ದುದನ್ನು ಇದ್ದಂತೆ ಉಳಿಸಬೇಕೆಂಬ ದೃಷ್ಟಿ ಸರಿಯಿತ್ತು, ಬಳಸಿದ ಪದಾರ್ಥ ತಪ್ಪಾಯಿತು. ಜೀರ್ಣೋದ್ಧಾರದಲ್ಲಿ ಎರಡೂ ಸರಿಯಿರಬೇಕಾಗುತ್ತದೆ.

1956ರಲ್ಲಿ ಸಂಸ್ಥಾನ ಒಡೆದು ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು ಮೈಸೂರಿಗೆ ಬಂದವು. ಹೈದರಾಬಾದಿನಲ್ಲಿ ಉಳಿದ ಇಲಾಖೆ ಆಂಧ್ರ ಪ್ರದೇಶದ್ದಾಗಿ, 2014ರ ಬಳಿಕ ತೆಲಂಗಾಣದ್ದಾಗಿ ಮುಂದುವರಿಯಿತು. ಕೋಠಿಯ ರೆಸಿಡೆನ್ಸಿ ಅದೇ ಇಲಾಖೆಯ ಸಂರಕ್ಷಿತ ಸ್ಮಾರಕ. ಮಸ್ಕಿಯ ಅಶೋಕನನ್ನು ಲೋಕಕ್ಕೆ ತೋರಿಸಿದ ಸಂಸ್ಥೆಯ ವಾರಸುದಾರರೇ ಲಿಂಗಸುಗೂರಿನ ಹಣೆಬರಹ ಬರೆದ ಮನೆಯ ಮೇಲ್ವಿಚಾರಣೆಗೂ ನಿಂತರು ಎನ್ನಬೇಕು.

ಮನೆಗೆ ಮರುಹುಟ್ಟು ಕೊಟ್ಟವರು ಹೆಣ್ಣುಮಕ್ಕಳು. 1924ರಲ್ಲಿ ಆರಂಭವಾಗಿದ್ದ ಮಹಿಳಾ ಕಾಲೇಜು 1949ರಲ್ಲಿ ಖಾಲಿಯಾಗಿದ್ದ ರೆಸಿಡೆನ್ಸಿಗೆ ಬಂತು. ಉನ್ನತ ಶಿಕ್ಷಣವೆಂದರೆ ಹೈದರಾಬಾದ್ ಎಂದೇ ಆಗಿದ್ದ ಕಾಲವದು. ದ್ಯಾಂಪುರದ ಸಿದ್ಧಯ್ಯ ಪುರಾಣಿಕರಂಥವರು ಓದಿದ್ದು ಉಸ್ಮಾನಿಯಾದಲ್ಲಿಯೇ. ಎಡೆದೊರೆ ನಾಡಿನಿಂದ ಮಗನನ್ನು ಅಷ್ಟು ದೂರ ಓದಿಸಲು ಕಳಿಸುವುದೇ ದೊಡ್ಡ ಮಾತಾಗಿದ್ದಾಗ ಮಗಳನ್ನು ಕಳಿಸುವ ಮನೆಗೆ ಎದೆಗಾರಿಕೆ ಬೇಕಿತ್ತು. ಬೇಗಮಳು ಮುಂಬಾಗಿಲಿಂದ ಬಾರದ ಸೌಧದಲ್ಲಿ ವಿದ್ಯಾರ್ಥಿನಿಯರು ಸಿಂಹಗಳ ನಡುವಿನ ಮೆಟ್ಟಿಲೇರಿ ಪುಸ್ತಕ ಹಿಡಿದು ಹೋಗತೊಡಗಿದರು. ರೆಸಿಡೆಂಟರು ಕುಳಿತ ಕೋಣೆಗಳು ತರಗತಿಗಳಾದವು.

ಕಟ್ಟಡಕ್ಕೆ ಆಯುಷ್ಯ ಕೊಟ್ಟದ್ದೂ ಅದನ್ನು ಸವೆಸಿದ್ದೂ ಈ ಬಳಕೆಯೇ. ಬಾಗಿಲು ಮುಚ್ಚಿಟ್ಟ ಮನೆಗೆ ಗೆದ್ದಲು ಬೇಗ ಬರುತ್ತದೆ, ದಿನವೂ ಕಿಟಕಿ ತೆರೆಯುವ ಮನೆ ಹೆಚ್ಚು ಕಾಲ ಬಾಳುತ್ತದೆ. ಆದರೆ ಕಾಲೇಜಿಗೆ ವಿದ್ಯುತ್ತು ಬೇಕು, ಫ್ಯಾನು ಬೇಕು, ಕರಿಹಲಗೆಗೆ ಮೊಳೆ ಹೊಡೆಯಬೇಕು, ಬಿರುಕು ಕಂಡರೆ ಕೈಗೆ ಸಿಕ್ಕ ಸಿಮೆಂಟು ಮೆತ್ತಬೇಕು. ಸುಣ್ಣದ ಗಾರೆಯ ಕಟ್ಟಡಕ್ಕೆ ಸಿಮೆಂಟು ಶತ್ರು ಎಂಬುದು ಬಹಳ ಕಾಲ ನಮ್ಮ ಎಂಜಿನಿಯರರ ಗಮನಕ್ಕೇ ಬರಲಿಲ್ಲ. ಗಾರೆ ಉಸಿರಾಡುತ್ತದೆ: ಮಳೆಗಾಲದಲ್ಲಿ ಗೋಡೆ ಕುಡಿದ ತೇವ ಬೇಸಗೆಯಲ್ಲಿ ಅದರ ಮೂಲಕ ಹೊರಗೆ ಹೋಗುತ್ತದೆ. ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಸೆರೆ. ಅದು ಉಪ್ಪನ್ನು ಹೊತ್ತುಕೊಂಡು ಇಟ್ಟಿಗೆಯೊಳಗೆ ಹರಡಿ, ಹರಳುಗಟ್ಟಿ, ಇಟ್ಟಿಗೆಯನ್ನು ಪುಡಿಮಾಡುತ್ತದೆ. ಹೊರಗಿನಿಂದ ನೋಡಿದವರಿಗೆ ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಮೇಲ್ಮುದ್ದೆಯ ಮಾಳಿಗೆಗೆ ವರ್ಷವರ್ಷ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಬಡಿಯುತ್ತಿದ್ದ ಲಿಂಗಸುಗೂರು, ಸಿಂಧನೂರಿನ ಹಿರಿಯರಿಗೆ ಈ ವಿಷಯವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಮನೆಯನ್ನು ಕಾಯುವುದೆಂದರೆ ಮೊದಲು ಮೇಲಿನ ನೀರನ್ನು ಕಾಯುವುದು ಎಂದು ಅವರು ಬಲ್ಲರು.

2000ದ ಹೊತ್ತಿಗೆ ರೆಸಿಡೆನ್ಸಿಯ ಸ್ಥಿತಿ ಶೋಚನೀಯವಾಗಿತ್ತು. ನೀರು ಸೋರಿ ಮರ ಕೊಳೆತಿತ್ತು, ಗಾರೆ ಉದುರಿತ್ತು, ಬಿರುಕುಗಳಲ್ಲಿ ಗಿಡ ಬೇರುಬಿಟ್ಟಿತ್ತು. ಅಪಾಯವೆಂದು ತರಗತಿಗಳನ್ನು ಪಕ್ಕದ ಕಟ್ಟಡಗಳಿಗೆ ಸ್ಥಳಾಂತರಿಸಬೇಕಾಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2002ರ ತನ್ನ ಅಪಾಯದಂಚಿನ ಸ್ಮಾರಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಪುನಶ್ಚೇತನಗೊಂಡ ಸೌಧ ಜನರಿಗೆ ತೆರೆದದ್ದು 2023ರ ಆರಂಭದಲ್ಲಿ. ನಡುವೆ ಇಪ್ಪತ್ತು ವರ್ಷಕ್ಕೆ ಮಿಕ್ಕ ಕಾಲ. ಅಷ್ಟರಲ್ಲಿ ರಾಜ್ಯವೇ ಎರಡಾಗಿತ್ತು.

ಇಷ್ಟು ಕಾಲವೇಕೆ ಎಂಬುದಕ್ಕೆ ಉತ್ತರ ಅರ್ಧ ಹಣದಲ್ಲಿದೆ, ಇನ್ನರ್ಧ ಒಡೆತನದಲ್ಲಿದೆ. ಕಟ್ಟಡ ವಿಶ್ವವಿದ್ಯಾನಿಲಯದ್ದು. ಅದನ್ನು ಮುಟ್ಟಲು ಅಪ್ಪಣೆ ಕೊಡಬೇಕಾದದ್ದು ರಾಜ್ಯದ ಪರಂಪರೆ ಇಲಾಖೆ. ಹಣದ ದೊಡ್ಡ ಪಾಲನ್ನೂ ತಾಂತ್ರಿಕ ಮಾರ್ಗದರ್ಶನವನ್ನೂ ತರಬೇಕಾದದ್ದು ಹೊರಗಿನ ಸಂಸ್ಥೆ. ಮೂರು ಕಡೆಯ ಸಹಿ ಬೀಳದೆ ಒಂದು ಹೆಂಚೂ ಅಲುಗುವಂತಿಲ್ಲ. ಇಂಥ ಮೇಲ್ವಿಚಾರಣೆಯನ್ನು ಅಡ್ಡಿಯೆಂದು ಬೈಯುವವರು ಕಾಲೇಜುಗಳಲ್ಲಿ ಕಡಿಮೆಯಿಲ್ಲ, ಅವರ ಬೇಸರ ಪೂರ್ತಿ ನಿರಾಧಾರವೂ ಅಲ್ಲ. ಮಳೆಗಾಲ ಕಡತಕ್ಕಾಗಿ ಕಾಯುವುದಿಲ್ಲ. ಆದರೂ ಆ ಅಡ್ಡಿ ಇಲ್ಲದಿದ್ದ ಕಡೆ ಏನಾಗಿದೆಯೆಂಬುದನ್ನು ಹೈದರಾಬಾದೇ ಹೇಳುತ್ತದೆ. ನಗರದ ಪಾರಂಪರಿಕ ಕಟ್ಟಡಗಳಿಗೆ ರಕ್ಷೆಯಾಗಿದ್ದ ವಲಯ ನಿಯಮಾವಳಿಯ 13ನೆಯ ನಿಯಮವನ್ನು 2015ರ ಕೊನೆಯಲ್ಲಿ ತೆಗೆದುಹಾಕಲಾಯಿತು. ನಾಲ್ಕು ವರ್ಷ ಕಳೆಯುವುದರೊಳಗೆ ಇರ್ರಂ ಮಂಜಿಲ್ ಎಂಬ ಅರಮನೆಯನ್ನು ಕೆಡವಿ ಶಾಸನಸಭೆಗೆ ಹೊಸ ಕಟ್ಟಡ ಕಟ್ಟುವ ತೀರ್ಮಾನ ಬಂತು. ಅದು ಉಳಿದದ್ದು 2019ರಲ್ಲಿ ಉಚ್ಚ ನ್ಯಾಯಾಲಯ ಆ ತೀರ್ಮಾನವನ್ನು ರದ್ದುಮಾಡಿದ್ದರಿಂದ. ಊರಿನ ನಾಗರಿಕರೇ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು.

ರೆಸಿಡೆನ್ಸಿಯ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಿನದು ದರಬಾರ್ ಹಾಲಿನ ಮೇಲ್ಛಾವಣಿ. ಅದರ ಅಲಂಕಾರ ಮರದ್ದಲ್ಲ, ಗಾರೆಯದೂ ಅಲ್ಲ. ಕಾಗದವನ್ನು ನೆನೆಸಿ ಅರೆದು ಅಂಟು ಬೆರೆಸಿ ಅಚ್ಚಿನಲ್ಲಿ ಎರಕಗೊಳಿಸಿದ್ದು, ಮೇಲೆ ಬಣ್ಣದ ಚಿತ್ತಾರ. ಕಿನ್ನಾಳದ ಚಿತ್ರಗಾರರು ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟುಗಳಿಂದ ಕಿಟ್ಟ ಮಾಡಿ ಗೊಂಬೆಗೆ ಮೆತ್ತುವುದನ್ನು ಕಂಡವರಿಗೆ ಈ ತಂತ್ರ ತೀರ ಅಪರಿಚಿತವೆನಿಸದು. ಹಗುರ, ಆದ್ದರಿಂದ ಎತ್ತರದ ಛಾವಣಿಗೆ ಹೊರೆಯಿಲ್ಲ. ನೀರು ತಾಗಿದರೆ ಮಾತ್ರ ಉಳಿಯುವ ಬಗೆಯಿಲ್ಲ. ಇಂಥದ್ದನ್ನು ಕಿತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಅದೇ ಆಕಾರ ಕೂರಿಸುವುದು ಗುತ್ತಿಗೆದಾರನಿಗೆ ಒಂದು ವಾರದ ಕೆಲಸ, ಫೋಟೋದಲ್ಲಿ ವ್ಯತ್ಯಾಸವೂ ಕಾಣಲಾರದು. ಮೇಲ್ವಿಚಾರಣೆ ಎಂಬುದರ ಬೆಲೆ ತಿಳಿಯುವುದು ಅಲ್ಲಿ. ಗಾರೆಗೂ ಹಾಗೆಯೇ: ಸುಣ್ಣವನ್ನು ವಾರಗಟ್ಟಲೆ ನೆನೆಸಿ, ಗಾಣದಲ್ಲಿ ಅರೆದು, ಬೆಲ್ಲ, ಅಳಲೆಕಾಯಿಗಳ ನೀರು ಸೇರಿಸಿ ಹದ ಮಾಡಬಲ್ಲ ಕೈಗಳು ಈಗ ವಿರಳ. ದಖ್ಖನ್ನಿನಲ್ಲಿ ಆ ಕೈಗಳು ಪೂರ್ತಿ ಅಳಿಯದೆ ಉಳಿದಿದ್ದರೆ ಅದಕ್ಕೆ ಇಂಥ ಕೆಲವು ಕಟ್ಟಡಗಳ ಕೆಲಸವೇ ಕಾರಣ.

ಒಮ್ಮೆ ದುರಸ್ತಿ ಮಾಡಿದರೆ ಮುಗಿಯಿತು ಎನ್ನುವವರು ಮೈಸೂರಿನ ಮಾನಸಗಂಗೋತ್ರಿಯ ಕಡೆ ನೋಡಬೇಕು. 1905ರ ಜಯಲಕ್ಷ್ಮೀವಿಲಾಸ ಅರಮನೆ ವಿಶ್ವವಿದ್ಯಾನಿಲಯದ ಕೈಗೆ ಬಂದು, ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇನ್ಫೋಸಿಸ್ ಪ್ರತಿಷ್ಠಾನದ ಕೋಟಿಗೂ ಮಿಕ್ಕ ನೆರವಿನಿಂದ ಅದು ನವೀಕರಣಗೊಂಡಿತು. ನಿರಂತರ ನಿರ್ವಹಣೆಯಿಲ್ಲದೆ ಮತ್ತೆ ಶಿಥಿಲವಾಗಿ, ಈಚಿನ ವರ್ಷಗಳಲ್ಲಿ ಮತ್ತೊಮ್ಮೆ ಹೊರಗಿನ ನೆರವು ಅರಸಬೇಕಾಯಿತು. ಶಾಸನಕಾಲದ ದಾನಿ ಹಣ ಕೊಡದೆ ಭೂಮಿ ಕೊಟ್ಟದ್ದು ಸುಮ್ಮನೆ ಅಲ್ಲ. ಹಣ ಒಂದು ಸಲಕ್ಕೆ, ಭೂಮಿಯ ಹುಟ್ಟುವಳಿ ವರ್ಷವರ್ಷಕ್ಕೆ. ಕರ್ನಾಟಕದಲ್ಲಿ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನ ಕೆಲಸ ಬಾಳಿಕೆ ಬಂದದ್ದಕ್ಕೂ ಹತ್ತಿರದ್ದೇ ಒಂದು ಕಾರಣವಿದೆ. ಅಲ್ಲಿ ಸರಕಾರ ಮತ್ತು ಟ್ರಸ್ಟಿನ ಜೊತೆಗೆ ಊರವರೂ ತಮ್ಮ ಪಾಲನ್ನು ಹಾಕಬೇಕು. ಪಾಲು ಹಾಕಿದವನು ಸೋರುವ ಮಾಡನ್ನು ಕಂಡು ಸುಮ್ಮನಿರಲಾರ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ತಿರ

ುಗಿದರೆ ಪರಿಸ್ಥಿತಿ ಹೀಗಿದೆ. ಮಸ್ಕಿಯ ಬಂಡೆಗೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಅರಸರ ಕೋಟೆಗೆ, ಶಾಸನಕ್ಕೆ, ಶಿಲ್ಪವಿರುವ ಗುಡಿಗೆ 1961ರ ರಾಜ್ಯ ಕಾನೂನು ನೆರಳಾಗಬಲ್ಲದು. ಆದರೆ ಹಳೆಯ ಕಾಲದ ಶಾಲೆಗೆ, ಕಚೇರಿಗೆ, ದಂಡಿನ ಕಾಲದ ಬಂಗಲೆಗೆ ಕೋಟೆಯ ಗೌರವವೂ ಇಲ್ಲ, ದೇವಾಲಯದ ಭಯಭಕ್ತಿಯೂ ಇಲ್ಲ. ಅದರ ಹಣೆಬರಹ ಒಂದು ವರದಿಯಲ್ಲಿದೆ: ಕಟ್ಟಡ ಶಿಥಿಲ, ಬಳಕೆಗೆ ಯೋಗ್ಯವಲ್ಲ. ವರದಿ ಬರೆಯುವ ಎಂಜಿನಿಯರಿಗೆ ಗಾರೆಯ ಗೋಡೆಯನ್ನು ಪರೀಕ್ಷಿಸಿದ ಅನುಭವ ಇರುವುದು ಅಪರೂಪ, ಇದ್ದರೂ ಹಳೆಯದನ್ನು ಉಳಿಸಲು ಅನುದಾನದ ತಲೆಬರಹವಿಲ್ಲ. ಹೊಸ ಕೋಣೆಗೆ ಇದೆ. ಮುಖ್ಯೋಪಾಧ್ಯಾಯರು ಮಕ್ಕಳ ತಲೆಯ ಮೇಲೆ ಗಾರೆ ಉದುರಿದೀತೆಂದು ಹೆದರಿದರೆ ಅವರನ್ನು ದೂರುವಂತಿಲ್ಲ. ಆ ವರದಿಗೂ ಕೆಡವುವ ಯಂತ್ರಕ್ಕೂ ನಡುವೆ ಊರಿನ ಇತಿಹಾಸ ಬಲ್ಲ ಇಬ್ಬರು, ಗಾರೆ ಬಲ್ಲ ಒಬ್ಬರು ನಿಂತು ಒಮ್ಮೆ ನೋಡುವ ಏರ್ಪಾಡು ತಾಲೂಕು ಮಟ್ಟದಲ್ಲಿ ಇಲ್ಲ ಎಂಬುದೇ ಕೊರತೆ. ಅದಕ್ಕೆ ಅಂತಾರಾಷ್ಟ್ರೀಯ ನಿಧಿ ಬೇಕಾಗಿಲ್ಲ.

ದಬ್ಬಾಳಿಕೆಯ ಮನೆಯನ್ನು ಉಳಿಸುವುದೇಕೆ ಎಂಬ ಮಾತು ರೆಸಿಡೆನ್ಸಿಯ ವಿಷಯದಲ್ಲಿ ಬಂದಿದೆ, ಬರಬೇಕಾದದ್ದೇ. ಸುರಪುರದ ಕಡೆಯವರು ಅದನ್ನು ಕೇಳಿದರೆ ಇನ್ನೂ ಸಹಜ. ಆದರೆ ಆ ಸೌಧ ಬಿದ್ದುಹೋಗಿದ್ದರೆ ತುರ್ರೇಬಾಜ್ ಖಾನ್ ಏರಿಹೋದದ್ದು ಯಾವುದರ ಮೇಲೆ ಎಂಬುದನ್ನು ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಕೋಠಿಯ ಬಸ್ ನಿಲ್ದಾಣದ ಹತ್ತಿರ ಅವನ ಸ್ಮಾರಕವಿದೆ. ಅಲ್ಲಿಂದ ಆವರಣದ ಗೋಡೆಗೆ ನಡೆದು ಹೋಗುವಷ್ಟೇ ದೂರ. ಎರಡನ್ನೂ ನೋಡಿದವನಿಗೆ 1857 ಪಠ್ಯಪುಸ್ತಕದ ಅಂಕಿಯಾಗಿ ಉಳಿಯುವುದಿಲ್ಲ. ರಾಯಚೂರು ದೋಆಬ್ ಒತ್ತೆ ಬಿದ್ದು ಬಿಡುಗಡೆಯಾದ ಕಥೆಯೂ ಇದೇ ಗೋಡೆಗಳೊಳಗಿನದು.

ಉಳಿದ ಪ್ರಶ್ನೆ ಬಳಕೆಯದು. ಚೊಕ್ಕಟಗೊಂಡ ದರಬಾರ್ ಹಾಲನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಪಾಠಗಳು ಪಕ್ಕದ ಕಟ್ಟಡಗಳಲ್ಲಿ ನಡೆಯುತ್ತವೆ. ಅರ್ಧ ಶತಮಾನ ತರಗತಿಯಾಗಿದ್ದ ಮನೆ ವಸ್ತುಪ್ರದರ್ಶನವಾಗಿಬಿಟ್ಟರೆ ಅದೂ ಒಂದು ಬಗೆಯ ನಷ್ಟವೇ. ಕಾಲೇಜು ಈಗ ವಿಶ್ವವಿದ್ಯಾನಿಲಯವಾಗಿದೆ. 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನ ಹೆಸರನ್ನು ಇಡಲಾಯಿತು. ನಿಜಾಮನ ಕಾಲದಲ್ಲಿ ದೇಶಮುಖನ ಎದುರು ನಿಂತು ತನ್ನ ಬೆಳೆಯನ್ನೂ ನೆಲವನ್ನೂ ಬಿಟ್ಟುಕೊಡದೆ ಹೋರಾಡಿದ ಮಡಿವಾಳ ಸಮುದಾಯದ ಹೆಣ್ಣುಮಗಳು ಆಕೆ. ಕಂಬಗಳ ಮೇಲಿನ ಬ್ರಿಟಿಷ್ ಲಾಂಛನವನ್ನು ತೆಗೆದಿಲ್ಲ.